ಮನೆಯವರೊಬ್ಬರ ಹಳೆಯ ಯಂತ್ರ

ಜಾಡಪ್ಪ ಎಂಬ ಹೆಸರನ್ನು ಅವನಿಗೆ ಮೊದಲು ಇಟ್ಟವರು ಯಾರೆಂದು ಆಫೀಸಿನಲ್ಲಿ ಯಾರಿಗೂ ನೆನಪಿಲ್ಲ. ಅಡ್ಡಹೆಸರು ಬಿದ್ದವರು ಸಾಮಾನ್ಯವಾಗಿ ಮುಖ ಸಿಂಡರಿಸುತ್ತಾರೆ. ಇವನು ಮಾತ್ರ ಅದನ್ನು ಬಿರುದಿನಂತೆ ಹೊತ್ತುಕೊಂಡು ತಿರುಗುತ್ತಿದ್ದ. ಐವತ್ತು ದಾಟಿದ ಮನುಷ್ಯ. ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ಹಣೆಯ ಮೇಲಿನದನ್ನು ಹುಡುಕುವುದಕ್ಕೆ ಮೂಗಿನ ಮೇಲಿನದು ಬೇಕಾಗುತ್ತಿತ್ತು. ಕಂಪ್ಯೂಟರಿನೊಳಗೆ ಕಣ್ಣು ಮಿಟುಕಿಸುವುದರೊಳಗೆ ನಡೆದು ಮುಗಿದುಹೋಗುವ ಸಂಗತಿಗಳ ಜಾಡು ಹಿಡಿಯುವುದು ಅವನ ಕಸುಬು, ಹವ್ಯಾಸ, ಮತ್ತು ಕೇಳುವವರು ಸಿಕ್ಕಿದರೆ ಭಾಷಣದ ವಿಷಯ. ಕೇಳುವವರು ಸಿಗುತ್ತಿರಲಿಲ್ಲ, ಅದು ಬೇರೆ ಮಾತು.

ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಂಸ್ಥೆ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಹಳೆಯ ಕಾರ್ಪೆಟ್ಟಿನ ವಾಸನೆ. ಈ ಎರಡು ವಾಸನೆಗಳ ನಡುವೆ ಒಂದು ಆಪರೇಟಿಂಗ್ ಸಿಸ್ಟಮ್ ತಯಾರಾಗುತ್ತಿತ್ತು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ಹೋಗಬಹುದು. ಯಾರು ಒಯ್ದರು, ಎಲ್ಲಿಗೆ ಒಯ್ದರು ಎಂದು ಕೇಳಬಾರದು, ಲೆಕ್ಕವನ್ನೂ ಇಡಬಾರದು ಎಂಬುದು ಸಂಸ್ಥೆ ಹುಟ್ಟಿದಾಗಿನಿಂದ ನಡೆದು ಬಂದ ನೇಮ.

ಆ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಂದರೇನು ಎಂದು ಯಾರಾದರೂ ಕೇಳಿದರೆ ಜಾಡಪ್ಪ ಹೋಟೆಲಿನ ಉದಾಹರಣೆ ಕೊಡುತ್ತಿದ್ದ. ಪರದೆಯ ಮೇಲೆ ಕಾಣುವ ಬಣ್ಣದ ಚೌಕಗಳೆಲ್ಲ ಮುಂದಿನ ಮೇಜು ಕುರ್ಚಿಗಳು. ಹಿಂದೆ ಅಡುಗೆಮನೆ ಇರುತ್ತದಲ್ಲ, ಒಲೆ, ಹೊಗೆ, ತಳ್ಳಾಟ, ಬೈಗುಳ, ಅದು ಕರ್ನಲ್. ಜಾಡು ಹಿಡಿಯಲೆಂದು ಅವನು ಕಟ್ಟಿದ ಸಲಕರಣೆ ಆ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿ ಒಬ್ಬ ಮನುಷ್ಯನನ್ನು ಕೂರಿಸಿದ ಹಾಗೆ. ಯಾರು ಯಾವ ಡಬ್ಬಿ ತೆಗೆದರು, ಯಾರು ಯಾರಿಗಾಗಿ ಕಾದು ನಿಂತರು, ಹಾಲು ಉಕ್ಕಿದಾಗ ಒಲೆಯ ಹತ್ತಿರ ಯಾರಿದ್ದರು ಎಂದು ನೋಡುವುದಷ್ಟೇ ಆ ಮನುಷ್ಯನ ಕೆಲಸ.

ಆ ಮನುಷ್ಯನನ್ನು ಎಲ್ಲರಿಗೂ ಹೋಗುವ ಡೀಫಾಲ್ಟ್ ಕರ್ನಲ್ಲಿನಲ್ಲೇ ಕೂರಿಸಿ ಕಳಿಸಬೇಕೋ, ಬೇಕೆಂದು ಕೇಳಿದವರಿಗೆ ಮಾತ್ರ ಬೇರೊಂದು ಕರ್ನಲ್ ಕೊಡಬೇಕೋ ಎಂಬುದೇ ಜಗಳ. ಎಲ್ಲರಿಗೂ ಕಳಿಸಲೇಬೇಕು ಎಂದು ಜಾಡಪ್ಪನ ಹಟ. ತೊಂದರೆ ಎನ್ನುವುದು ಕೆಲಸದ ನಡುವೆ ತಾನಾಗಿ ಬರುತ್ತದೆ. ಆಗ ಹೋಗಿ, “ಸ್ವಲ್ಪ ಇರಿ, ಬೇರೆ ಕರ್ನಲ್ ಹಾಕಿ ಮತ್ತೆ ಶುರು ಮಾಡಿ, ನೋಡೋಣ” ಎಂದರೆ ಶುರು ಮಾಡುವಷ್ಟರಲ್ಲಿ ತೊಂದರೆ ಪರಾರಿ. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ತೊಂದರೆ ಬರುವ ಮೊದಲೇ ಸ್ಟೂಲಿನ ಮೇಲೆ ಆಳು ಕೂತಿರಬೇಕು.

ಬೇಡ ಎನ್ನುವವನು ಒಬ್ಬನೇ. ಆದರೆ ಅವನೊಬ್ಬ ಸಾಕಾಗಿತ್ತು. ಅವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಕರ್ನಲ್ಲಿನಿಂದ ಬೇಡದ್ದನ್ನು ಕತ್ತರಿಸಿ ಎಸೆಯುವುದು ಅವನ ಹುದ್ದೆ. ಬೇಕಾದದ್ದನ್ನೂ ಒಂದಿಷ್ಟು ಕತ್ತರಿಸಿ ಯಾರಾದರೂ ಅಳುತ್ತಾರೋ ಎಂದು ಕಾಯುವುದು ಅವನ ಪದ್ಧತಿ. ಯಾವತ್ತೋ ಒಬ್ಬನಿಗೆ ಹಲ್ಲುನೋವು ಬರುತ್ತದೆಂದು ಊರಿಗೆಲ್ಲ ಮನೆಗೊಬ್ಬ ದಂತವೈದ್ಯನನ್ನು ಕೂರಿಸಲಾಗುವುದಿಲ್ಲ ಎಂದು ಅವನ ವಾದ. ಕೂತವನು ಜಾಗ ತಿನ್ನುತ್ತಾನೆ. ಅಡುಗೆಮನೆಯ ಗುಟ್ಟೆಲ್ಲ ಬಲ್ಲವನನ್ನು ಕಳ್ಳನೊಬ್ಬ ಬುಟ್ಟಿಗೆ ಹಾಕಿಕೊಂಡರೆ ಆಮೇಲೆ ಯಾರು ಜವಾಬ್ದಾರಿ? ಇದೂ ತೆಗೆದುಹಾಕುವಂಥ ಮಾತೇನಲ್ಲ. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ಜಾಡಪ್ಪ ಮತ್ತು ಕತ್ತರಿ ಷಡ್ಡಕರು. ಕತ್ತರಿಯ ಹೆಂಡತಿ ಅಕ್ಕ, ಜಾಡಪ್ಪನ ಹೆಂಡತಿ ತಂಗಿ. ಇಬ್ಬರ ಕೋಣೆಗಳೂ ಅಕ್ಕಪಕ್ಕ, ನಡುವೆ ಕೆಮ್ಮಿದರೆ ಕೇಳುವಷ್ಟು ತೆಳುವಾದ ಹಲಗೆಯ ಗೋಡೆ. ಆದರೂ ಈ ವಿಷಯವನ್ನು ಅವರು ಬಾಯಲ್ಲಿ ಆಡುವಂತಿರಲಿಲ್ಲ. ಹಿಂದೊಮ್ಮೆ ಇಬ್ಬರೂ ಎಷ್ಟು ಜೋರಾಗಿ ಕೂಗಾಡಿದ್ದರೆಂದರೆ ಕೆಳಗಿನ ಟೈರಿನವನು ಯಾರಿಗಾದರೂ ಏಟು ಬಿತ್ತೇ ಎಂದು ನೋಡಲು ಬಂದಿದ್ದ. ಅಂದು ಸಂಸ್ಥೆಯ ಮುಖ್ಯಸ್ಥೆ ಕಟ್ಟುನಿಟ್ಟು ಮಾಡಿದರು: ಕರ್ನಲ್ಲಿನ ಮಾತೇನಿದ್ದರೂ ಹೊರಗಿನವರೂ ಸೇರಿ ಎಲ್ಲರೂ ಓದುವ ಇ-ಮೇಲ್ ಲಿಸ್ಟಿನಲ್ಲಿ ಬರೆಯಬೇಕು, ‘ಮಾನ್ಯರೇ’ ಎಂದು ಶುರು ಮಾಡಬೇಕು. ಆಕ್ಷೇಪ ಒಂದೇ ಒಂದು ಉಳಿದಿದ್ದರೂ ಆ ವಸ್ತು ಸಿಸ್ಟಮ್ಮಿನ ಆ ಸಲದ ಬಿಡುಗಡೆಯಲ್ಲಿ ಸೇರುವುದಿಲ್ಲ. ಬಿಡುಗಡೆಯ ಗಡುವಿನ ದಿನ ನಿರ್ದಾಕ್ಷಿಣ್ಯವಾಗಿ ಬಾಗಿಲು ಹಾಕುತ್ತಿದ್ದುದರಿಂದ ಆಕೆಗೆ ಬಾಗಿಲಮ್ಮ ಎಂದು ಹೆಸರು.

ಈ ಏರ್ಪಾಟು ಚೆನ್ನಾಗಿಯೇ ನಡೆದಿತ್ತು, ಮನೆಯ ಕಡೆಯಿಂದ ಒಂದು ತೊಡಕು ಬರುವವರೆಗೆ.

ಕತ್ತರಿಯ ಹೆಂಡತಿ ಸ್ನಾನದ ಮನೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ನೋಡಿಕೊಳ್ಳಲೆಂದು ತಂಗಿ ಹೋದಳು. ಹೋಗುವಾಗ ಒಂದು ಚೀಲ ಬಟ್ಟೆ, ತನ್ನ ಹಳೆಯ ಲ್ಯಾಪ್‌ಟಾಪು. ಅವಳು ಪ್ರೆಸ್ಸೊಂದಕ್ಕೆ ಪ್ರೂಫ್ ತಿದ್ದಿಕೊಡುತ್ತಿದ್ದಳು. ಆ ಲ್ಯಾಪ್‌ಟಾಪು ಜಾಡಪ್ಪನೇ ಯಾವುದೋ ಕಾಲದಲ್ಲಿ ಸರಿಮಾಡಿ ಕೊಟ್ಟದ್ದು. ಅದರ ಮುಚ್ಚಳದ ಕೀಲು ಸಡಿಲ. ಅಕ್ಕನ ಕಾಲು ಕೂಡಿಕೊಂಡಿತು. ಪಟ್ಟಿ ಬಿಚ್ಚಿದರು. ಅಕ್ಕ ಕೋಲು ಬಿಟ್ಟು ನಡೆದಳು. ತಂಗಿ ವಾಪಸು ಬರಲಿಲ್ಲ.

ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಜಾಡಪ್ಪನಿಗೆ ಹಿಡಿದುಕೊಳ್ಳಲು ಒಂದು ತುದಿಯಾದರೂ ಸಿಗುತ್ತಿತ್ತು. ಅವನಿಗೆ ನೆನಪಿದ್ದದ್ದು ಊಟದ ಹೊತ್ತಿನ ಒಂದು ಚಿಕ್ಕ ಮಾತು. “ಪ್ರೂಫ್ ತಿದ್ತಾ ಇರ್ತೀನಿ, ಮುಚ್ಚಳ ಒಂಚೂರು ಬಾಗಿದ್ರೆ ಸಾಕು, ಇದು ಮಲ್ಕೊಂಡ್ಬಿಡತ್ತೆ ಕಣ್ರೀ. ನೋಡಿ ಸ್ವಲ್ಪ” ಎಂದಿದ್ದಳು. ಅವನು ಪರದೆಯಿಂದ ಕಣ್ಣು ತೆಗೆಯದೆ “ಹೂಂ” ಎಂದಿದ್ದ. “ನಾನೇನ್ ಹೇಳ್ದೆ ಈಗ?” ಎಂದು ಕೇಳಿದಾಗ, “ಮಲ್ಕೊಳ್ಳೋದು ಅಂದೆ. ನಂದಿನ್ನೂ ತಡ ಇದೆ, ನೀನ್ ಮಲ್ಕೋ” ಎಂದಿದ್ದ. ಅವಳು ನಕ್ಕಿದ್ದಳು. ಅದು ಎಂಥ ನಗು ಎಂದು ಆಗ ನೋಡಿರಲಿಲ್ಲ.

ಒಂದು ಯಂತ್ರ ನಿಂತರೆ ಅದಕ್ಕೆ ನೂರು ಪ್ರಶ್ನೆ ಕೇಳುವ ಮನುಷ್ಯ ಹೆಂಡತಿಗೆ ಒಂದು ಫೋನು ಮಾಡಿ ‘ಯಾವಾಗ ಬರ್ತೀಯ’ ಎನ್ನಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ. ಕೆಲಸ ಹೆಚ್ಚಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ಅವಳ ಕಡೆಯ ಕುರ್ಚಿಯ ಮೇಲೆ ಮೊದಲು ಒಂದು ಕೇಬಲ್ ಬಂದು ಕೂತಿತು, ಆಮೇಲೆ ಒಂದು ಪೆಟ್ಟಿಗೆ, ಕೊನೆಗೆ ಒಗೆದ ಬಟ್ಟೆಯ ರಾಶಿ. ಸಂಜೆ ಬ್ರೆಡ್ಡು ಸುಟ್ಟುಕೊಂಡು ಸಿಂಕಿನ ಮುಂದೆ ನಿಂತೇ ತಿನ್ನುತ್ತಿದ್ದ. ತಟ್ಟೆ ತೊಳೆಯುವ ಕೆಲಸ ತಪ್ಪುತ್ತದೆ ಎಂದು ಅದಕ್ಕೊಂದು ಶಾಸ್ತ್ರೀಯ ಕಾರಣವನ್ನೂ ಕಂಡುಕೊಂಡಿದ್ದ.

ಅತ್ತ ಕತ್ತರಿ ಪ್ರತಿ ಸಂಜೆ, ಜಾಡಪ್ಪನ ಹೆಂಡತಿ ಇರುವ ಮನೆಗೆ ಹೋಗಿ, ಪ್ರತಿ ಬೆಳಿಗ್ಗೆ ಅಲ್ಲಿಂದ ಬರುತ್ತಿದ್ದ. ಅವನ ಹೆಜ್ಜೆಯ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಹವಾಮಾನದ ಬಗ್ಗೆ ಅತಿ ಗಂಭೀರವಾಗಿ ಒಮ್ಮತಕ್ಕೆ ಬರುತ್ತಿದ್ದರು.

ಹೀಗಿರುವಾಗ ಲಿಸ್ಟಿನಲ್ಲಿ ಕತ್ತರಿಯ ಹೊಸ ಆಕ್ಷೇಪ ಬಂತು. “ಮಾನ್ಯರೇ, ನಮ್ಮ ಮನೆಯಲ್ಲಿ ಒಂದು ಹಳೆಯ ಯಂತ್ರವಿದೆ. ಮನೆಯವರೊಬ್ಬರು ಅದನ್ನು ದಿನವೂ ಬಳಸುತ್ತಾರೆ. ತಮ್ಮ ಸಲಕರಣೆ ಸೇರಿದ ಕರ್ನಲ್ ಹಾಕಿ ನೋಡಿದೆ. ಯಂತ್ರ ಏದುಸಿರು ಬಿಡುತ್ತದೆ. ಆದುದರಿಂದ ನನ್ನ ಆಕ್ಷೇಪವಿದೆ.”

ಜಾಡಪ್ಪ ‘ಮನೆಯವರೊಬ್ಬರು’ ಎಂಬಲ್ಲಿ ನಿಂತುಬಿಟ್ಟ. ನಂತರ ಬಹಳ ಉದ್ದನೆಯ ಉತ್ತರ ಬರೆದ. ಯಂತ್ರದ ಮೆಮೊರಿ ಎಷ್ಟು, ಡಿಸ್ಕು ಯಾವುದು ಎಂದೆಲ್ಲ ಕೇಳಿ, ಕೊನೆಗೆ, “ಬಳಸುವವರು ಯಾವ ಹೊತ್ತಿನಲ್ಲಿ ಬಳಸುತ್ತಾರೆ? ಬಳಸುವಾಗ ಅವರಿಗೆ ಕಣ್ಣಿನ ಆಯಾಸವೇನಾದರೂ ಉಂಟೋ? ದಯವಿಟ್ಟು ತಿಳಿಸುವುದು” ಎಂದು ಸೇರಿಸಿದ. ಬೇರೆ ದೇಶದಲ್ಲಿ ಕೂತು ಲಿಸ್ಟು ಓದುತ್ತಿದ್ದ ಯಾರೋ ಒಬ್ಬರು, ಕಣ್ಣಿನ ಆಯಾಸಕ್ಕೂ ಕರ್ನಲ್ಲಿಗೂ ಏನು ಸಂಬಂಧವೆಂದು ವಿನಯದಿಂದ ವಿಚಾರಿಸಿದರು. ಕತ್ತರಿಯ ಉತ್ತರ ಮಾರನೆಯ ದಿನ ಬಂತು: “ಬೆಳಿಗ್ಗೆ. ಕಣ್ಣು ಚೆನ್ನಾಗಿದೆ. ಸಂಬಂಧವಿಲ್ಲ.”

ಈ ಮೂರು ಮಾತನ್ನು ಜಾಡಪ್ಪ ಊಟದ ಬಿಡುವಿನಲ್ಲಿ ಓದಿದ, ಮನೆಗೆ ಹೋಗಿ ಓದಿದ. ಬೆಳಿಗ್ಗೆ. ಕಣ್ಣು ಚೆನ್ನಾಗಿದೆ.

ಅಂದಿನಿಂದ ಪ್ರತಿ ಬಿಡುಗಡೆಗೂ ಅದೇ ನಾಟಕ. ಜಾಡಪ್ಪ ಸಲಕರಣೆಯನ್ನು ಇನ್ನಷ್ಟು ಹಗುರ ಮಾಡಿ ತರುವುದು, ಕತ್ತರಿ ಮನೆಯ ಯಂತ್ರದ ಮೇಲೆ ಹಾಕಿ ನೋಡುವುದು, ಯಂತ್ರ ಏದುಸಿರು ಬಿಡುವುದು. ಒಂದು ಸಲ “ಬಳಸುವವರಿಗೆ ನೆಗಡಿಯಾಗಿದ್ದುದರಿಂದ ಪರೀಕ್ಷೆ ತಡವಾಯಿತು” ಎಂದಿತ್ತು. ಇನ್ನೊಂದು ಸಲ, “ಬಳಸುವವರು ಈಗ ಕಿಟಕಿಯ ಬಳಿ ಕೂರುತ್ತಾರೆ, ಪರದೆ ಮಂಕಾಗಿ ಕಾಣುತ್ತದೆ.” ಲಿಸ್ಟಿನಲ್ಲಿ ಜಾಡಪ್ಪ ಸೋಲುತ್ತಿದ್ದ. ಸೋತು, ಆ ಒಂದು ಸಾಲನ್ನು ಜೇಬಿನಲ್ಲಿಟ್ಟುಕೊಂಡವನಂತೆ ಮನೆಗೆ ಹೋಗುತ್ತಿದ್ದ.

ಹಾಗೆಂದು ಅವನು ಗೆಲ್ಲಲು ಇಷ್ಟಪಡುತ್ತಿರಲಿಲ್ಲ ಎಂದುಕೊಳ್ಳಬಾರದು. ಬಹಳ ಇಷ್ಟಪಡುತ್ತಿದ್ದ. ಗೆದ್ದ ದಿನ ಆಡಬೇಕಾದ ವಿನಯದ ಮಾತುಗಳನ್ನು ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಅಭ್ಯಾಸ ಮಾಡಿಟ್ಟುಕೊಂಡಿದ್ದ.

ಆ ದಿನ ಬಂತು, ಯಾವ ಮುನ್ಸೂಚನೆಯೂ ಇಲ್ಲದೆ. ಗಡುವು ಮುಗಿಯಲು ವಾರವಿರುವಾಗ ಕತ್ತರಿ ಬರೆದ: “ಮಾನ್ಯರೇ, ಸದರಿ ಯಂತ್ರ ಈಗ ನಮ್ಮ ಮನೆಯಲ್ಲಿಲ್ಲ. ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ.”

ಲಿಸ್ಟಿನಲ್ಲಿ ಅಭಿನಂದನೆಗಳ ಮಳೆ. ಜಾಡಪ್ಪ ಅವನ್ನು ಓದಲೂ ಇಲ್ಲ. “ಮಾನ್ಯರೇ, ಹಿಂತೆಗೆತದ ಕಾರಣ ಸ್ಪಷ್ಟವಿಲ್ಲ. ಯಂತ್ರ ಎಲ್ಲಿದೆ? ಕೆಟ್ಟಿದೆಯೇ? ಬಳಸುವವರು ಎಲ್ಲಿದ್ದಾರೆ? ಕೂಡಲೇ ವಿವರಿಸುವುದು” ಎಂದು ಬರೆದ. ಉತ್ತರವಿಲ್ಲ. ಗೋಡೆಗೆ ಕಿವಿಯಿಟ್ಟ. ಕತ್ತರಿ ಟೀ ಕುಡಿಯುವ ಸದ್ದು.

ಅಷ್ಟರಲ್ಲಿ ಬಾಗಿಲಮ್ಮ ಬಂದು ಬಾಗಿಲಿಗೆ ಒರಗಿ ನಿಂತರು. “ಏನ್ರೀ ಜಾಡಪ್ಪ, ಅವರಾಗೇ ಬಿಟ್ಕೊಟ್ಟಿದಾರೆ. ನಿಮಗ್ಯಾಕ್ರೀ ಕೆರೆಯೋ ಕೆಲಸ?”

“ಕಾರಣ ಬೇಕಲ್ಲ ಮೇಡಂ. ತಾಂತ್ರಿಕವಾಗಿ…”

“ತಾಂತ್ರಿಕವಾಗಿ ಗೋಡೆ ಆಚೆ ಕೂತಿದಾರೆ. ಎದ್ದು ಹೋಗಿ ಕೇಳಿ.”

“ಬಾಯಲ್ಲಿ ಮಾತಾಡ್ಬಾರ್ದು ಅಂತ ನಿಯಮ ಮಾಡಿದ್ದು ನೀವೇ.”

“ಕರ್ನಲ್ ಬಗ್ಗೆ ಮಾಡಿದ್ದು” ಎಂದರು ಬಾಗಿಲಮ್ಮ, ಅವನನ್ನೇ ನೋಡುತ್ತ. “ನೀವು ಕೇಳ್ತಿರೋದು ಕರ್ನಲ್ ವಿಷಯನಾ?”

ಜಾಡಪ್ಪ ಎದ್ದ. ಪಕ್ಕದ ಬಾಗಿಲು ತಟ್ಟಿದ.

ಕತ್ತರಿಯ ಕೋಣೆಯಲ್ಲಿ ಬಂದವರಿಗೆ ಕುರ್ಚಿ ಇಲ್ಲ. ಬಹಳ ಹಿಂದೆಯೇ ಅದನ್ನು ಕಡಿತ ಮಾಡಿದ್ದ. ಹಿಡಿಯಿಲ್ಲದ ಕಪ್ಪನ್ನು ಕರವಸ್ತ್ರದಲ್ಲಿ ಹಿಡಿದು ಕೂತಿದ್ದ.

“ಬಾಗಿಲು ತಟ್ಟೋದೆಲ್ಲ ಯಾವಾಗ ಕಲ್ತೆಯಯ್ಯ? ಲಿಸ್ಟಲ್ಲಿ ಬರೀಬಾರ್ದಿತ್ತಾ?”

“ಬರ್ದೆ ಅಣ್ಣ. ನೀವು ಉತ್ತರ ಕೊಡ್ಲಿಲ್ಲ.”

“ಏನಂತ ಕೊಡ್ಲಿ? ಪ್ರಪಂಚ ಎಲ್ಲಾ ಓದತ್ತೆ ಅದನ್ನ. ‘ಮಾನ್ಯರೇ, ತಮ್ಮ ಹೆಂಡತಿ ನಮ್ಮ ಮನೆ ಬಿಟ್ಟು ಹೊರಟುಹೋದರು’ ಅಂತ ಬರೀಲಾ?”

ಜಾಡಪ್ಪ ಗೋಡೆ ಹಿಡಿದುಕೊಂಡ. ಈ ಕಡೆಯಿಂದ ಆ ಗೋಡೆಯನ್ನು ಅವನು ಎಂದೂ ಮುಟ್ಟಿರಲಿಲ್ಲ. “ಎಲ್ಲಿಗೆ?”

“ಗಾಬರಿ ಬೀಳ್ಬೇಡ. ಪ್ರೆಸ್ಸಿನ ಹಿಂದಿನ ರಸ್ತೆಯಲ್ಲಿ ಒಂದು ರೂಮು ಮಾಡಿದಾಳೆ. ಅಕ್ಕತಂಗೀರು ಕಿತ್ತಾಡಿಲ್ಲ, ದಿನಾ ಫೋನು. ‘ನಂದೇ ಅಂತ ಒಂದು ಬಾಗಿಲು ಬೇಕು ಭಾವ’ ಅಂದ್ಲು. ಆಯ್ತಮ್ಮ ಅಂದೆ. ಗ್ಯಾಸ್ ಒಲೆ ನಾನೇ ಜೋಡಿಸಿ ಬಂದೆ.”

“ಲ್ಯಾಪ್‌ಟಾಪು?”

ಕತ್ತರಿ ಕಪ್ಪು ಕೆಳಗಿಟ್ಟ. “ನೋಡಪ್ಪ! ಹೆಂಡತಿ ಹೇಗಿದಾಳೆ ಅಂತ ಕೇಳ್ದೆ ಲ್ಯಾಪ್‌ಟಾಪ್ ಕೇಳ್ತಾನೆ.”

“ಹೇಗಿದಾಳೆ?”

“ಈಗ ಕೇಳಿದ್ರೆ ನಾನು ಹೇಳ್ಕೊಟ್ಟಂಗಾಯ್ತು.” ಕಪ್ಪನ್ನು ಮತ್ತೆ ಕರವಸ್ತ್ರದಲ್ಲಿ ಹಿಡಿದುಕೊಂಡು, “ಚೆನ್ನಾಗಿದಾಳೆ. ಮುಚ್ಚಳ ಬಾಗಬಾರ್ದು ಅಂತ ಹಿಂದೆ ಎರಡು ದಪ್ಪ ಪುಸ್ತಕ ಆನಿಸ್ಕೊಂಡು ಕೂರ್ತಾಳೆ. ತಗೊಂಡ್ ಹೋಗಿದಾಳೆ ಅದನ್ನ.”

“ಹಾಗಾದ್ರೆ ಯಂತ್ರ ಇನ್ನೂ ಬಳಕೆಯಲ್ಲಿದೆ. ನೀವು ಆಕ್ಷೇಪ ವಾಪಸ್ ತಗೊಂಡಿದ್ದು ಸರಿಯಲ್ಲ” ಎಂದ ಜಾಡಪ್ಪ. ಮಾತು ಮುಂದುವರಿಸಲು ಅವನಿಗೆ ಗೊತ್ತಿರುವ ದಾರಿಯೆಂದರೆ ಹಳೆಯ ಜಗಳವೊಂದೇ.

“ಅವಳೇ ಹೇಳಿದ್ದಯ್ಯ ತಗೊಳ್ಳಿ ಅಂತ! ‘ಭಾವ, ಪಾಪ ಎಷ್ಟು ವರ್ಷದಿಂದ ಕೇಳ್ತಿದಾರೆ, ಕೊಟ್ಬಿಡಿ. ನಂದು ನಿಧಾನ ಆದ್ರೆ ಆಗ್ಲಿ, ನನಗೀಗ ಅವಸರ ಇಲ್ಲ. ಅವರ ದಾರಿಗೆ ನಾನು ಅಡ್ಡ ನಿಂತ ಹಾಗೆ ಬೇಡ’ ಅಂದ್ಲು.”

“ಅವಳಿಗೆ ಹೇಗೆ ಗೊತ್ತು, ನಾನು ಕೇಳ್ತಿರೋದು?”

“ಲಿಸ್ಟ್ ಓದ್ತಿದ್ಲಲ್ಲ. ಬೆಳಿಗ್ಗೆ ಕಾಫಿ ಜೊತೆ ಅದೇ. ನಾನು ಬರೆಯೋದು, ನೀನು ಬರೆಯೋದು, ಎಲ್ಲಾ. ಆ ಕಣ್ಣಿನ ಆಯಾಸ ಬಂದ ದಿವಸ ಅಕ್ಕತಂಗೀರು ಅಡುಗೆಮನೇಲಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಇವಳು ಎದ್ದು ಮುಖ ತೊಳೆಯೋಕೆ ಹೋದ್ಲು.” ಕತ್ತರಿ ಕಿಟಕಿಯ ಕಡೆ ತಿರುಗಿದ. “ನಿನ್ನ ವಾಕ್ಯಗಳು ಉದ್ದ ಅಂತಿದ್ಲು. ಕೊನೆಗೆ ಬರೋಷ್ಟರಲ್ಲಿ ಏನು ಕೇಳೋಕೆ ಹೊರಟಿದ್ದು ಅಂತ ಅವರಿಗೇ ಮರೆತಿರತ್ತೆ, ಅಂತ.”

“ಈಗ್ಲೂ ಓದ್ತಾಳಾ?”

“ಅದು ನನಗೆ ಗೊತ್ತಿಲ್ಲ ಕಣಯ್ಯ. ಈಗ ಅವಳ ಕಾಫಿ ಅವಳ ರೂಮಲ್ಲಿ.”

ವಿಳಾಸ ಬರೆದುಕೊಡಲೇ ಎಂದು ಕತ್ತರಿ ಕೇಳಿದ. ಜಾಡಪ್ಪ ಬೇಡವೆಂದು ತಲೆಯಲ್ಲಾಡಿಸಿದ. ತನ್ನದೇ ಬಾಗಿಲು ಬೇಕೆಂದವಳ ಬಾಗಿಲನ್ನು ಮೊದಲ ವಾರವೇ ಹೋಗಿ ತಟ್ಟುವುದು ಹೇಗೆ?

ತನ್ನ ಕೋಣೆಗೆ ಬಂದು ಕೂತ. ಅಭಿನಂದನೆಗಳು ಕಾಯುತ್ತಿದ್ದವು. ಗೆದ್ದದ್ದು ನಿಜ. ಈ ಸಲದ ಬಿಡುಗಡೆಯಲ್ಲಿ ಪ್ರಪಂಚದ ಅಡುಗೆಮನೆಗಳಲ್ಲೆಲ್ಲ ಅವನ ಆಳು ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಪ್ರೆಸ್ಸಿನ ಹಿಂದಿನ ರಸ್ತೆಯ ಒಂದು ರೂಮಿನಲ್ಲಿ ಮಾತ್ರ, ಎರಡು ದಪ್ಪ ಪುಸ್ತಕಗಳಿಗೆ ಒರಗಿದ ಯಂತ್ರವೊಂದು ಬೆಳಿಗ್ಗೆ ಬೆಳಿಗ್ಗೆ ಏದುಸಿರು ಬಿಡುತ್ತದೆ. ಅದರ ಮುಂದೆ ಕೂತವಳು ಅವಸರವಿಲ್ಲ ಎಂದುಕೊಂಡು ಕಾಯುತ್ತಾಳೆ. ಅವಳು ಕಾಯುವುದರಲ್ಲಿ ನಿಸ್ಸೀಮಳು ಎಂಬುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು!

ಆ ವಾರವೆಲ್ಲ ಜಾಡಪ್ಪ ಕತ್ತರಿಸಿದ. ಡೀಫಾಲ್ಟ್ ಕರ್ನಲ್ಲನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಬೇರೆ ಕರ್ನಲ್ ಕಟ್ಟತೊಡಗಿದ. ಅದರಿಂದ ಮೊದಲು ತೆಗೆದುಹಾಕಿದ್ದು ತನ್ನ ಸಲಕರಣೆಯನ್ನೇ. ಸ್ಟೂಲು, ಆಳು, ಎಲ್ಲ ಆಚೆಗೆ. ಆಮೇಲೆ ಹಳೆಯ ಯಂತ್ರಕ್ಕೆ ಬೇಡದ ಒಂದೊಂದನ್ನೇ ಕಿತ್ತ. ಗೋಡೆಯಾಚೆಯಿಂದ ಕತ್ತರಿ ಒಮ್ಮೆ, “ಧ್ವನಿಯದು ತೆಗೀಬೇಡ, ಅವಳು ರೇಡಿಯೋ ಕೇಳ್ತಾಳೆ” ಎಂದು ಕೂಗಿದ. ಬಾಯಲ್ಲಿ ಆಡಬಾರದೆಂಬ ನಿಯಮ ಮುರಿದಿತ್ತು. ಜಾಡಪ್ಪನೂ ಬಾಯಲ್ಲೇ, “ಸರಿ ಅಣ್ಣ” ಎಂದ.

ಕೊನೆಗೆ ಅದು ಉಳಿದಿತ್ತು, ಮುಚ್ಚಳದ ವಿಷಯ. ಮುಚ್ಚಳ ಅಲುಗಾಡಿದೊಡನೆ ನಿದ್ದೆಗೆ ಜಾರದೆ, ನಿಜವಾಗಿ ಮುಚ್ಚಿದೆಯೋ, ಸುಮ್ಮನೆ ಬಾಗಿದೆಯೋ ಎಂದು ಒಂದು ಗಳಿಗೆ ಕಾದು ನೋಡುವಂತೆ ಮಾಡಬೇಕು. ಮಾಡಿದ. ಊಟ ಮುಗಿಯುವುದರೊಳಗೆ ಮುಗಿದುಹೋಗುವ ಕೆಲಸ ಅದು. ಅವಳು ಕೇಳಿದ ದಿನವೇ ಮಾಡಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಗಡುವಿನ ದಿನ ಬಾಗಿಲಮ್ಮ ಹೊಸ ಕರ್ನಲ್ಲನ್ನು ನೋಡಿ ಬಂದರು.

“ಇದನ್ನ ಯಾರ್ರೀ ಬಳಸ್ತಾರೆ?”

“ಹಳೇ ಯಂತ್ರದವರು.”

“ಎಷ್ಟ್ ಜನ?”

“ಜಾಸ್ತಿ ಇಲ್ಲ.”

“ಇದರ ಯೋಗಕ್ಷೇಮ ನೋಡ್ಕೊಳ್ಳೋರು ಯಾರು? ಪ್ರತಿ ಬಿಡುಗಡೆಗೂ ಕಟ್ಬೇಕು, ತಿದ್ಬೇಕು…”

“ನಾನಿದೀನಲ್ಲ.”

“ಬಳಸ್ತಿದಾರೋ ಇಲ್ವೋ ಹೇಗೆ ಗೊತ್ತಾಗತ್ತೆ? ಒಯ್ದೋರ ಲೆಕ್ಕ ನಾವು ಇಡಲ್ಲ. ಒಳಗೆ ನಿಮ್ಮ ಜಾಡಿನ ಸಲಕರಣೆಯೂ ಇಲ್ಲ.”

“ಗೊತ್ತಾಗಲ್ಲ” ಎಂದ ಜಾಡಪ್ಪ.

ಬಾಗಿಲಮ್ಮ ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದರು. “ಹುಷಾರಾಗಿದೀರೇನ್ರೀ?” ಎಂದರು. ಉತ್ತರಕ್ಕೆ ಕಾಯದೆ ಒಪ್ಪಿಗೆಯ ಗುಂಡಿ ಒತ್ತಿ, ಬಾಗಿಲು ಹಾಕಿಕೊಂಡು ಹೋದರು.

ಅಂದು ಲಿಸ್ಟಿನಲ್ಲಿ ಜಾಡಪ್ಪ ಪ್ರಕಟಣೆ ಬರೆದ. ಬರೆದು, ಅಳಿಸಿ, ಮತ್ತೆ ಬರೆದ. ಅಭ್ಯಾಸ ಮಾಡಿಟ್ಟುಕೊಂಡಿದ್ದ ವಿನಯದ ಮಾತುಗಳಾವುವೂ ಅದರಲ್ಲಿರಲಿಲ್ಲ. “ಮಾನ್ಯರೇ, ಹಳೆಯ ಯಂತ್ರಗಳಿಗೆ ಒಂದು ಹಗುರ ಕರ್ನಲ್ ಇದೆ. ಬೇಗ ಶುರುವಾಗುತ್ತದೆ. ಮುಚ್ಚಳ ಸಡಿಲವಿದ್ದರೆ ತಾನಾಗಿ ಮಲಗುವುದಿಲ್ಲ. ಪುಸ್ತಕ ಆನಿಸಬೇಕಿಲ್ಲ. ಈ ತೊಂದರೆಯನ್ನು ಹಿಂದೆಯೇ ತಿಳಿಸಲಾಗಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ತಡವಾಗಿದೆ. ತೊಂದರೆ ಕಂಡರೆ ಬರೆಯುವುದು.”

ಪುಸ್ತಕದ ಮಾತು ಯಾರಿಗೂ ಅರ್ಥವಾಗಲಿಲ್ಲ. ಕಣ್ಣಿನ ಆಯಾಸದ ಬಗ್ಗೆ ಕೇಳಿದ್ದ ಹೊರದೇಶದ ವ್ಯಕ್ತಿ ಈ ಸಲ ಏನನ್ನೂ ವಿಚಾರಿಸಲಿಲ್ಲ. ಕತ್ತರಿ ಮಾತ್ರ ಒಂದು ಸಾಲು ಬರೆದ: “ನನ್ನ ಆಕ್ಷೇಪವಿಲ್ಲ.”

ಅಲ್ಲಿಂದೀಚೆಗೆ ಜಾಡಪ್ಪ ಬೆಳಿಗ್ಗೆ ಬಂದವನೇ, ಟೀಗೂ ಮೊದಲು, ಹಗುರ ಕರ್ನಲ್ಲಿನ ದೂರುಗಳ ಪುಟ ತೆರೆಯುತ್ತಾನೆ. ಕರ್ನಲ್ ಕಟ್ಟುವವರೆಲ್ಲ ದೂರು ಬಾರದಿರಲಿ ಎಂದು ಬಯಸಿದರೆ ಇವನೊಬ್ಬ ಒಂದಾದರೂ ಬರಲಿ ಎಂದು ಕೂತಿರುತ್ತಾನೆ. ಪುಟ ಖಾಲಿ. ಅವಳು ಅದನ್ನು ಹಾಕಿಕೊಂಡಿದ್ದಾಳೋ, ಲಿಸ್ಟನ್ನೇ ಓದುತ್ತಿಲ್ಲವೋ, ಎರಡಕ್ಕೂ ಪುಟ ಹೀಗೆಯೇ ಖಾಲಿ ಇರುತ್ತದೆ. ಒಳಗೆ ಬೇಕೆಂದೇ ಒಂದು ಸಣ್ಣ ತಪ್ಪು ಬಿಟ್ಟಿದ್ದರೆ ಆಗುತ್ತಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಕೆಲಸ ಚೆನ್ನಾಗಿ ಮಾಡಿಬಿಟ್ಟಿದ್ದಾನೆ.

ಪುಟ ಮುಚ್ಚಿ, ಮುಂದಿನ ಬಿಡುಗಡೆಗೆ ಅದನ್ನು ಮತ್ತೆ ಕಟ್ಟಲು ಕೂರುತ್ತಾನೆ. ಏನು ತಿದ್ದಿದೆ ಎಂದು ಲಿಸ್ಟಿನಲ್ಲಿ ಬರೆಯುತ್ತಾನೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ.